ಗ್ರೇಡ್ 8ರ ಗುಂಗು: ಇಂಗ್ಲೆಂಡಿನಲ್ಲಿ ಬ್ಯಾಲೆ ಕಲಿಯುವ ಮಕ್ಕಳ ಅಪ್ಪ-ಅಮ್ಮಂದಿರಿಗೆ

ಲಿಯೊಟಾರ್ಡ್ ಎಲ್ಲಿ ಸಿಗುತ್ತದೆ, ಬನ್ ಹೇಗೆ ಕಟ್ಟುವುದು ಎಂಬುದನ್ನೆಲ್ಲ ಬಿಟ್ಟುಬಿಡೋಣ. ಕ್ಲಾಸಿನ ಹೊರಗೆ ಕಾಯುವ ಬೇರೆ ಅಮ್ಮಂದಿರು ಮೊದಲ ವಾರದಲ್ಲೇ ಹೇಳಿಕೊಡುತ್ತಾರೆ. ಅವರು ಹೇಳದ, ನಮ್ಮವರು ಒಬ್ಬರ ಹಿಂದೆ ಒಬ್ಬರು ಎಡವುವ ವಿಷಯ ಬೇರೆಯೇ ಇದೆ.

ನಮ್ಮ ತಲೆಯಲ್ಲಿ ಕೂತಿರುವುದು ಊರಿನ ನೃತ್ಯ, ಸಂಗೀತ ಪರೀಕ್ಷೆಗಳ ಜೂನಿಯರ್, ಸೀನಿಯರ್, ವಿದ್ವತ್. ಒಂದಾದ ಮೇಲೊಂದು ಪರೀಕ್ಷೆ ಕಟ್ಟುತ್ತಾ ಹೋದರೆ ತುದಿ ಮುಟ್ಟುತ್ತೇವೆ ಅನ್ನುವ ಲೆಕ್ಕ. ಇಲ್ಲಿ ರಾಯಲ್ ಅಕಾಡೆಮಿ ಆಫ್ ಡಾನ್ಸ್, ಅಂದರೆ ಆರ್‌ಎಡಿ, ನಡೆಸುವ ಪರೀಕ್ಷೆಗಳಲ್ಲಿ ಪ್ರೈಮರಿ, ಗ್ರೇಡ್ 1, 2, 3 ಎಂದು 8ರವರೆಗೆ ಕಂಡ ಕೂಡಲೇ ಅದೇ ಲೆಕ್ಕ ಹಾಕುತ್ತೇವೆ: ಗ್ರೇಡ್ 8 ಅಂದರೆ ವಿದ್ವತ್. ಅಲ್ಲ. ಇಲ್ಲಿರುವುದು ಒಂದೇ ಏಣಿಯಲ್ಲ, ಅಕ್ಕಪಕ್ಕ ನಿಲ್ಲಿಸಿದ ಎರಡು ಏಣಿ. ಗ್ರೇಡ್‌ಗಳದ್ದು ಒಂದು. ಇನ್ನೊಂದು ವೊಕೇಶನಲ್: ಇಂಟರ್‌ಮೀಡಿಯೆಟ್ ಫೌಂಡೇಶನ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್ ಫೌಂಡೇಶನ್, ಅಡ್ವಾನ್ಸ್ಡ್ 1, ಅಡ್ವಾನ್ಸ್ಡ್ 2. ನರ್ತಕಿಯಾಗುವ ದಾರಿ ಈ ಎರಡನೆಯದು. ಗ್ರೇಡ್ 6ರಿಂದ 8ರಲ್ಲಿ ಬ್ಯಾಲೆಯ ಜೊತೆಗೆ ಫ್ರೀ ಮೂವ್‌ಮೆಂಟ್, ಯುರೋಪಿನ ಜಾನಪದ ಕುಣಿತದಿಂದ ಬಂದ ಕ್ಯಾರೆಕ್ಟರ್ ನೃತ್ಯ ಇರುತ್ತವೆ. ನೋಡಲು ಚೆಂದ, ಆದರೆ ಪಾಯಿಂಟ್, ಅಂದರೆ ಗಟ್ಟಿ ತುದಿಯ ಶೂ ಹಾಕಿ ಬೆರಳ ತುದಿಯ ಮೇಲೆ ಕುಣಿಯುವುದು, ಇಲ್ಲ. ಹುಡುಗಿಯರಿಗೆ ಪಾಯಿಂಟ್ ಶುರುವಾಗುವುದು ಇಂಟರ್‌ಮೀಡಿಯೆಟ್ ಫೌಂಡೇಶನ್ನಿನಲ್ಲಿ. ಐಎಸ್‌ಟಿಡಿ (ಇಂಪೀರಿಯಲ್ ಸೊಸೈಟಿ ಆಫ್ ಟೀಚರ್ಸ್ ಆಫ್ ಡಾನ್ಸಿಂಗ್) ಪರೀಕ್ಷೆ ಕಟ್ಟಿಸುವ ಶಾಲೆಗಳಲ್ಲೂ ಹೀಗೇ ಗ್ರೇಡ್ ಬೇರೆ, ವೊಕೇಶನಲ್ ಬೇರೆ.

ಈಗ ವಯಸ್ಸು ಕೂಡಿಸಿ ನೋಡಿ. ಏಳಕ್ಕೆ ಗ್ರೇಡ್ 1 ಮಾಡಿದ ಮಗು ವರ್ಷಕ್ಕೊಂದರಂತೆ ಹತ್ತಿದರೆ ಗ್ರೇಡ್ 8 ಮುಗಿಯುವಾಗ 14. ಇಂಟರ್‌ಮೀಡಿಯೆಟ್ ಫೌಂಡೇಶನ್ನಿಗೆ ಕನಿಷ್ಠ ವಯಸ್ಸು 11, ಇಂಟರ್‌ಮೀಡಿಯೆಟ್ಟಿಗೆ 12, ಅಡ್ವಾನ್ಸ್ಡ್ ಫೌಂಡೇಶನ್ನಿಗೆ 13. ಅಂದರೆ ನಿಮ್ಮ ಮಗಳು ಡಿಸ್ಟಿಂಕ್ಷನ್ ಸರ್ಟಿಫಿಕೇಟುಗಳನ್ನು ಫ್ರೇಮ್ ಹಾಕಿಸುತ್ತಿರುವಾಗ, ಅವಳ ಓರಗೆಯವರು ಮೂರು ವರ್ಷದಿಂದ ಪಾಯಿಂಟ್ ಮಾಡುತ್ತಿದ್ದಾರೆ. 16ಕ್ಕೆ ಸೇರುವ ಪೂರ್ಣಾವಧಿ ಶಾಲೆಗಳ ಆಡಿಶನ್ 15ಕ್ಕೇ ಬಂದುಬಿಡುತ್ತದೆ. ಗ್ರೇಡ್ 8 ಇದೆಯಲ್ಲ, ನೇರವಾಗಿ ಅಡ್ವಾನ್ಸ್ಡ್ 1 ಕಟ್ಟಿಸೋಣ ಅಂದರೆ ಆಗುವುದಿಲ್ಲ: ಅದಕ್ಕೆ ಇಂಟರ್‌ಮೀಡಿಯೆಟ್ ಪಾಸಾಗಿರಲೇಬೇಕು. ಪಾಯಿಂಟನ್ನು ಅವಸರದಲ್ಲಿ ಕಲಿಸಲೂ ಬಾರದು. ಮೊದಲ ತಿಂಗಳುಗಳಲ್ಲಿ ಕ್ಲಾಸಿನ ಕೊನೆಯ 10-15 ನಿಮಿಷ, ಅದೂ ಬಾರ್ (ಆಸರೆಯ ಕಂಬಿ) ಹಿಡಿದು, ಎರಡು ಕಾಲ ಮೇಲೆ ಏರಿ ಇಳಿಯುವುದಷ್ಟೇ.

ತಮಾಷೆಯೆಂದರೆ ಗ್ರೇಡ್‌ಗಳನ್ನು ಒಂದೂ ಬಿಡದೆ ಕಟ್ಟಬೇಕೆಂಬ ನಿಯಮವೇ ಇಲ್ಲ. ಟೀಚರ್ ಒಪ್ಪಿದರೆ ಕೆಲವನ್ನು ಹಾರಿಸಿ, 11-12ರ ಹೊತ್ತಿಗೆ ಪಕ್ಕದ ಏಣಿಗೆ ದಾಟಬಹುದು. ಆದರೆ ಅದನ್ನು ಯಾರೂ ತಾವಾಗಿ ಹೇಳುವುದಿಲ್ಲ. ವಾರಕ್ಕೊಮ್ಮೆ ಚರ್ಚ್ ಹಾಲಿನಲ್ಲಿ 45 ನಿಮಿಷ ನಡೆಯುವ ಎಷ್ಟೋ ಶಾಲೆಗಳಲ್ಲಿ ವೊಕೇಶನಲ್ ಇರುವುದೇ ಇಲ್ಲ. ಅದಕ್ಕೆ ವಾರಕ್ಕೆ ಎರಡು-ಮೂರು ಕ್ಲಾಸಾದರೂ ಬೇಕು. ಮಗುವಿಗೆ ಹತ್ತು ತುಂಬಿದಾಗ ಕೇಳಿ: ಇಂಟರ್‌ಮೀಡಿಯೆಟ್ ಕಲಿಸುತ್ತೀರಾ? ಪಾಯಿಂಟ್ ಯಾವಾಗ, ಯಾರು ಕಲಿಸುತ್ತಾರೆ? ಪರೀಕ್ಷೆಯ ಪಾಠವಲ್ಲದ ಕ್ಲಾಸ್ ಇದೆಯಾ? ಉತ್ತರ ತೇಲಿಸಿ ಬಂದರೆ ಬೇರೆ ಶಾಲೆ ನೋಡಿ, ಆದರೆ ಈಗಿನ ಟೀಚರಿಗೆ ಎದುರಾಎದುರು ಹೇಳಿಯೇ ಹೊರಡಿ. ಇಲ್ಲಿ ಬ್ಯಾಲೆ ಕಲಿಸಲು ಕಾನೂನಿನ ಲೈಸೆನ್ಸ್ ಬೇಡ, ಯಾರು ಬೇಕಾದರೂ ಬೋರ್ಡ್ ಹಾಕಬಹುದು. ಹಾಗಾಗಿ ಆರ್‌ಎಡಿ ನೋಂದಾಯಿತ ಟೀಚರಾ ಎಂದು ನೋಡಿಕೊಂಡೇ ಫೀಸು ಕಟ್ಟಿ.

ಪರೀಕ್ಷೆಯ ಪಾಠವಲ್ಲದ ಕ್ಲಾಸು ಯಾಕೆ ಮುಖ್ಯ? ಆಡಿಶನ್ನಿನಲ್ಲಿ ಸರ್ಟಿಫಿಕೇಟು ನೋಡಿ ಆರಿಸುವುದಿಲ್ಲ. ದೇಹದ ಅಳತೆ, ಸೊಂಟದಿಂದ ಕಾಲು ಎಷ್ಟು ಹೊರಕ್ಕೆ ತಿರುಗುತ್ತದೆ, ಪಾದದ ಕಮಾನು, ಲಯ ಇವನ್ನು ನೋಡುತ್ತಾರೆ. ಆಮೇಲೆ ಹೆಜ್ಜೆಗಳ ಹೊಸ ಜೋಡಣೆಯೊಂದನ್ನು ತೋರಿಸಿ ಈಗಲೇ ಮಾಡು ಅನ್ನುತ್ತಾರೆ. ವರ್ಷವಿಡೀ ಒಂದೇ ಸಂಗೀತಕ್ಕೆ ಒಂದೇ ಪಾಠ ತಿದ್ದಿದ ಮಗು ಅಲ್ಲಿ ಪಕ್ಕದವರ ಕಾಲು ನೋಡತೊಡಗುತ್ತದೆ. ಮಗುವನ್ನು ಹಿಂದೆಂದೂ ಕಂಡಿರದ ಪರೀಕ್ಷಕರು ಬಂದು ಅಂಕ ಕೊಡುವುದರಲ್ಲಿ, ಗುರುವೇ ಹೊಗಳಿ ರಂಗಪ್ರವೇಶಕ್ಕೆ ಲಕ್ಷಗಟ್ಟಲೆ ಸುರಿಸುವುದಕ್ಕಿಂತ ಇಲ್ಲಿಯ ಪದ್ಧತಿ ವಾಸಿ. ಆದರೆ ಮಗುವನ್ನು ಮುಂದಕ್ಕೆ ಯಾವ ದಾರಿಗೆ ಹಚ್ಚಬೇಕೆಂದು ಕಣ್ಣಿಟ್ಟು ಕಾಯುವ ವಿಷಯದಲ್ಲಿ ನಮ್ಮ ಒಳ್ಳೆಯ ಗುರುಗಳದ್ದೇ ಒಂದು ಕೈ ಮೇಲು.

ಗ್ರೇಡ್ 6ರಿಂದ ಮೇಲೆ ಯೂನಿವರ್ಸಿಟಿ ಪ್ರವೇಶಕ್ಕೆ ಎಣಿಸುವ ಯೂಕಾಸ್ ಪಾಯಿಂಟು ಸಿಗುತ್ತದೆ ಎಂದು ಹಿಗ್ಗುವವರೂ ಇದ್ದಾರೆ. ಎ ಲೆವೆಲ್ (ಪಿಯುಸಿ ಮಟ್ಟದ ಪರೀಕ್ಷೆ) ಗ್ರೇಡ್ ಕೇಳುವ ಮೆಡಿಕಲ್ ಸೀಟಿಗೆ ಅದು ಉಪಯೋಗಕ್ಕೆ ಬರುವುದಿಲ್ಲ.

ಭರತನಾಟ್ಯವನ್ನೂ ಕಲಿಯುವ ಮಕ್ಕಳ ಬಗ್ಗೆ ಒಂದು ಮಾತು. ಅರೆಮಂಡಿಯ ಅಭ್ಯಾಸವಿರುವವರು ಪ್ಲಿಯೇಯಲ್ಲಿ, ಅಂದರೆ ಮಂಡಿ ಬಗ್ಗಿಸುವಾಗ, ಕೆಳಗೆ ಕೂತೇ ಬಿಡುತ್ತಾರೆ. ಬ್ಯಾಲೆಯಲ್ಲಿ ಅದು ಇಳಿದು ಏಳುವ ಚಲನೆ, ನಿಲ್ಲುವ ಜಾಗವಲ್ಲ. ಪಾದ ಮಾತ್ರ ಹೊರಗೆ ತಿರುಗಿ ಮಂಡಿಚಿಪ್ಪು ಮುಂದಕ್ಕೇ ನೋಡುತ್ತಿದ್ದರೆ ತಿರುವು ಸೊಂಟದಿಂದ ಬಂದಿಲ್ಲ, ಮಂಡಿಯನ್ನು ತಿರುಚಿದೆ. ಕನ್ನಡಿಯಲ್ಲಿ ನಿಮಗೇ ಕಾಣುತ್ತದೆ.

ಪಾಯಿಂಟ್ ಶೂ: ಬೆಳೆಯುವ ಮಗು, ಅರ್ಧ ಸೈಜ್ ದೊಡ್ಡದೇ ಇರಲಿ ಅನ್ನುವ ಬುದ್ಧಿಯನ್ನು ಅಂಗಡಿಯ ಹೊರಗೇ ಬಿಡಿ. ಸಡಿಲ ಶೂನಲ್ಲಿ ಪಾದ ಶೂ ತುದಿಯ ಗಟ್ಟಿ ಪೆಟ್ಟಿಗೆಯೊಳಕ್ಕೆ ಜಾರಿ ಭಾರವೆಲ್ಲ ಹೆಬ್ಬೆರಳ ಮೇಲೆ ಬೀಳುತ್ತದೆ, ಉಗುರು ಕಪ್ಪಾಗುತ್ತದೆ. ಚಪ್ಪಟೆಯಾಗಿ ನಿಂತಾಗ ಬೆರಳು ತುದಿಗೆ ತಾಗಬೇಕು, ಮಡಚಿಕೊಳ್ಳಬಾರದು. ತುದಿಯ ಮೇಲೆ ಏರಿದಾಗ ಹಿಮ್ಮಡಿಯ ಬಟ್ಟೆ ಒಂದು ಚಿವುಟಿನಷ್ಟು ಮಾತ್ರ ಸಿಗಬೇಕು. ಕ್ಲಾಸಿನಲ್ಲಿ ಬೆರಳಿಗೆ ಬಳಸುವ ಪ್ಯಾಡನ್ನೇ ಹಾಕಿ ಅಳೆಸಿ. ರಿಬ್ಬನ್, ಎಲಾಸ್ಟಿಕ್ ನೀವೇ ಹೊಲಿಯಬೇಕು. ಟೀಚರ್ ನೋಡಿ ಸರಿ ಅನ್ನುವವರೆಗೆ ಸೂಜಿ ಮುಟ್ಟಬೇಡಿ, ಹೊಲಿದ ಶೂ ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ನಮ್ಮ ಮಕ್ಕಳ ಮೈಬಣ್ಣಕ್ಕೆ ಹೊಂದುವ ಶೂ ಈಗ ಸಿಗುತ್ತದೆ. ಫ್ರೀಡ್ ಕಂಪನಿ ಕಪ್ಪು ಮತ್ತು ಏಷ್ಯಾ ಮೂಲದ ನರ್ತಕರ ಬ್ಯಾಲೆ ಬ್ಲ್ಯಾಕ್ ತಂಡದ ಜೊತೆ ಸೇರಿ 2018ರಲ್ಲೇ ಕಂದು ಬಣ್ಣಗಳಲ್ಲಿ ತಂದಿತು.

11ಕ್ಕೆ ವೈಟ್ ಲಾಡ್ಜ್, ಎಲ್ಮ್‌ಹರ್ಸ್ಟ್, ಟ್ರಿಂಗ್ ಪಾರ್ಕ್‌ನಂಥ ನೃತ್ಯ ಕಲಿಸುವ ವಸತಿ ಶಾಲೆಗಳಿಗೆ ಪ್ರಯತ್ನಿಸುವವರು ಆದಾಯ ನೋಡಿ ಕೊಡುವ ಮ್ಯೂಸಿಕ್ ಅಂಡ್ ಡಾನ್ಸ್ ಸ್ಕೀಮಿನ ಸಹಾಯಧನವನ್ನು ವಿಚಾರಿಸಿ. ನಿಮ್ಮ ವೀಸಾಕ್ಕೆ ಅನ್ವಯಿಸುತ್ತದೆಯೇ ಎಂದು ಶಾಲೆಯಿಂದ ಲಿಖಿತವಾಗಿ ಪಡೆಯಿರಿ. ಸಾಮಾನ್ಯ ಸೆಕೆಂಡರಿ ಶಾಲೆಯ ಅರ್ಜಿಗೆ ಕೌನ್ಸಿಲ್ ಗಡುವು ಅಕ್ಟೋಬರ್ 31. ಆಡಿಶನ್ ಫಲಿತಾಂಶ ಬರಲಿ ಎಂದು ಕಾದು ಅದನ್ನು ತಪ್ಪಿಸಿದರೆ, ಮಾರ್ಚ್ 1ಕ್ಕೆ ಸೀಟು ಹಂಚುವಾಗ ನಿಮ್ಮ ಅರ್ಜಿ ಎಲ್ಲರ ಹಿಂದೆ.

ಇನ್ನು ಡಿಸೆಂಬರಿನ ಕ್ರಿಸ್‌ಮಸ್ ಬ್ಯಾಲೆ ನಟ್‌ಕ್ರ್ಯಾಕರ್. ಟಿಕೆಟ್ ಇಟ್ಟ ಪ್ರದರ್ಶನದಲ್ಲಿ ಶಾಲಾ ವಯಸ್ಸಿನ ಮಗು ಕುಣಿಯಬೇಕಾದರೆ ಬಹುತೇಕ ಸಂದರ್ಭಗಳಲ್ಲಿ ಕೌನ್ಸಿಲ್ಲಿನ ಪರವಾನಗಿ ಬೇಕು. ಶಾಲೆ ತಪ್ಪಿಸುವುದಾದರೆ ಬೇಕಾಗುವ ಸಾಧ್ಯತೆ ಇನ್ನೂ ಹೆಚ್ಚು. ಅರ್ಜಿ ಹಾಕುವವರು ಆಯೋಜಕರು, ಸಹಿ ನಿಮ್ಮದು. ಕೌನ್ಸಿಲ್ 21 ದಿನ ಮುಂಚೆ ಕೇಳುತ್ತದೆ, ಹೆಡ್‌ಟೀಚರ್ ಒಪ್ಪಿಗೆಯ ಪತ್ರವೂ ಬೇಕು. ವಯಸ್ಸಿನ ದಾಖಲೆಗೆ ಊರಿನ ಜನನ ಪ್ರಮಾಣಪತ್ರ ಕೊಡುವ ಮೊದಲು ತೆಗೆದು ನೋಡಿ: ಎಷ್ಟೋ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ. ಹಾಗಿದ್ದರೆ ಪಾಸ್‌ಪೋರ್ಟ್ ಪ್ರತಿಯನ್ನೂ ಜೊತೆಗಿಡಿ.