ಹಾವಿನ ಮರಿ ಉಣ್ಣುತ್ತಿಲ್ಲವೇ? ಮೊದಲು ನೀವು ಸುಮ್ಮನಿರಿ

ಮಗಳು ಹನ್ನೆರಡನೇ ಹುಟ್ಟುಹಬ್ಬಕ್ಕೆ ನಾಯಿಮರಿ ಕೇಳುತ್ತಾಳೆ ಅಂದುಕೊಂಡಿದ್ದೆವು. ಕೇಳಿದ್ದು ಕಾರ್ನ್ ಸ್ನೇಕ್. ಎರಡು ತಿಂಗಳು ವಾದ ಮಾಡಿದೆವು, ಸೋತೆವು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ರಾಲಿ ಊರಿನ ನಮ್ಮ ಮನೆಗೆ ಒಂದು ಶನಿವಾರ ಕಿತ್ತಳೆ ಬಣ್ಣದ ಹಾವಿನ ಮರಿ ಬಂತು. ಮೊಸರಿನ ಡಬ್ಬಿಯಂಥ ಡಬ್ಬಿಯಲ್ಲಿ ಸುರುಳಿ ಸುತ್ತಿಕೊಂಡಿತ್ತು. ಪೆನ್ಸಿಲ್‌ಗಿಂತ ತೆಳು, ತೂಕ 7 ಗ್ರಾಂ. ಮಗಳು ಕೇಸರಿ ಅಂತ ಹೆಸರಿಟ್ಟಳು.

ಕೇಸರಿ 25 ದಿನ ಏನೂ ತಿನ್ನಲಿಲ್ಲ.

ಆ ದಿನಗಳಲ್ಲಿ ನಾನು ಮಾಡಿದ ತಪ್ಪುಗಳನ್ನು ನೀವು ಮಾಡಬಾರದು ಅಂತ ಈ ಲೇಖನ. ಅಮೆರಿಕ, ಇಂಗ್ಲೆಂಡ್‌ಗಳಲ್ಲಿರುವ ಕನ್ನಡದ ಮನೆಗಳಲ್ಲೂ ಮಕ್ಕಳು ಇಂಥ ಆಸೆ ಇಟ್ಟುಕೊಂಡು ಬರುವುದು ಹೊಸದಲ್ಲ. ಹಾಗಂತ ಊರಲ್ಲಿರುವವರು ಗದ್ದೆಯ ಕೇರೆಹಾವು ಹಿಡಿದು ತಂದು ಸಾಕಲು ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಇಲ್ಲೂ ಎಲ್ಲ ಕಡೆ ಒಂದೇ ಕಾನೂನಿಲ್ಲ. ಹವಾಯಿಯಲ್ಲಿ ಯಾವ ಹಾವನ್ನೂ ಸಾಕುವಂತಿಲ್ಲ. ತರುವ ಮೊದಲು ನಿಮ್ಮ ರಾಜ್ಯದ ನಿಯಮ ನೋಡಿಕೊಳ್ಳಿ.

ಕಾರ್ನ್ ಸ್ನೇಕ್ ನಮ್ಮ ಕೇರೆಹಾವಿನ ದೂರದ ನೆಂಟ. ಅಮೆರಿಕದ ಆಗ್ನೇಯ ರಾಜ್ಯಗಳು ಅದರ ತವರು. ವಿಷ ಇಲ್ಲ, ಬೇಟೆಯನ್ನು ಸುತ್ತಿ ಬಿಗಿದು ಕೊಲ್ಲುತ್ತದೆ. ಮೆಕ್ಕೆಜೋಳದ ಕಣಜಕ್ಕೆ ಇಲಿ ಹಿಡಿಯಲು ಬರುತ್ತಿದ್ದರಿಂದ ಈ ಹೆಸರು ಅಂತ ಕೆಲವರು ಹೇಳುತ್ತಾರೆ. ಹೊಟ್ಟೆಯಡಿಯ ಚೌಕಳಿ ಬಣ್ಣದ ಜೋಳದ ತೆನೆಯ ಹಾಗಿದೆ, ಅದಕ್ಕೇ ಅಂತ ಇನ್ನು ಕೆಲವರು. ದೊಡ್ಡದಾದರೆ ಮೂರರಿಂದ ಐದು ಅಡಿ. ಚೆನ್ನಾಗಿ ನೋಡಿಕೊಂಡರೆ 15-20 ವರ್ಷ ಬದುಕುತ್ತದೆ. ಅಂದರೆ ಮಗಳು ಕಾಲೇಜಿಗೆ ಹೋದ ಮೇಲೂ ಇಲಿ ಕರಗಿಸುವ ಕೆಲಸ ಅಪ್ಪನದೇ.

ದೊಡ್ಡ ಕಾರ್ನ್ ಸ್ನೇಕ್ ಇಲಿ ಅಂದರೆ ಬಿಡುವುದಿಲ್ಲ. ತಕರಾರೆಲ್ಲ ಮರಿಗಳದು. ಕಾಡಿನಲ್ಲಿ ಮೊಟ್ಟೆಯೊಡೆದು ಬಂದ ಮರಿ ಮೊದಲು ಹಿಡಿಯುವುದು ಹೆಚ್ಚಾಗಿ ಸಣ್ಣ ಹಲ್ಲಿ, ಮರಗಪ್ಪೆಗಳನ್ನು. ನಾವು ಅದರ ಮುಂದೆ ಇಡುವುದು ಕೂದಲಿಲ್ಲದ, ಕಣ್ಣು ಬಿಡದ ಸತ್ತ ಇಲಿಮರಿಯನ್ನು. ಆ ವಾಸನೆ ಕೆಲವು ಮರಿಗಳಿಗೆ ಊಟ ಅಂತ ಅನ್ನಿಸುವುದೇ ಇಲ್ಲ. ಜೊತೆಗೆ ಭಯ. ಪೆನ್ಸಿಲ್ ಗಾತ್ರದ ಮರಿಯನ್ನು ಹಕ್ಕಿಯಿಂದ ಹಿಡಿದು ದೊಡ್ಡ ಹಾವಿನವರೆಗೆ ಎಲ್ಲರೂ ತಿನ್ನುತ್ತಾರೆ. ಬಾಯಲ್ಲಿ ತುತ್ತಿದ್ದಾಗ ಅದು ಓಡಲಾರದು, ಕಚ್ಚಲಾರದು. ಸುತ್ತ ಯಾರೂ ಇಲ್ಲ ಅಂತ ಖಾತ್ರಿ ಆಗದೆ ಬಾಯಿ ತೆರೆಯುವುದಿಲ್ಲ.

ತರುವ ಮುಂಚೆ ಒಂದು ಪ್ರಶ್ನೆ

ಮಾರುವವರನ್ನು ಕೇಳಿ: ಇದು ಎಷ್ಟು ಸಲ ತಿಂದಿದೆ? ಏನು ತಿಂದಿದೆ? ಮೊಟ್ಟೆಯಿಂದ ಬಂದ ಮರಿ ಒಂದು ವಾರ, ಹತ್ತು ದಿನಕ್ಕೆ ಮೊದಲ ಪೊರೆ ಬಿಡುತ್ತದೆ. ಅಲ್ಲಿಯವರೆಗೆ ಹೊಟ್ಟೆಯೊಳಗೆ ಉಳಿದ ಮೊಟ್ಟೆಯ ಹಳದಿಯೇ ಸಾಕು. ಅದಾದ ಮೇಲೆ ಕಡಿಮೆಯೆಂದರೆ ಮೂರು ಸಲವಾದರೂ ಫ್ರೀಜರ್‌ನಿಂದ ತೆಗೆದು ಕರಗಿಸಿದ ಇಲಿಮರಿ ತಿಂದಿರಬೇಕು. ದಿನಾಂಕ ಬರೆದ ಚೀಟಿ ಕೊಟ್ಟರೆ ಇನ್ನೂ ಒಳ್ಳೆಯದು. ನಾವು ಬಣ್ಣ ನೋಡಿ ತಂದೆವು. ಈ ಪ್ರಶ್ನೆ ಹೊಳೆಯಲೇ ಇಲ್ಲ.

ಮನೆ ಸರಿಯಿಲ್ಲದೆ ಊಟ ಇಲ್ಲ

ಪ್ರೀತಿಯಿಂದ ದೊಡ್ಡ ಗಾಜಿನ ತೊಟ್ಟಿ ತರುತ್ತೇವಲ್ಲ, ಅದೇ ಮೊದಲ ತಪ್ಪು. ಹೊಸದಾಗಿ ಬಂದ, ಊಟ ಬಿಟ್ಟ ಮರಿಗೆ ದೊಡ್ಡ ಬಯಲು ಬೇಡ. ಶೂ ಡಬ್ಬಿ ಗಾತ್ರದ, ಗಾಳಿಗೆ ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿ ಸಾಕು. ಮುಚ್ಚಳ ಬಿಗಿಯಾಗಿರಲಿ. ಕಿರುಬೆರಳು ಹೋಗುವಷ್ಟು ಸಂದಿ ಸಿಕ್ಕಿದರೆ ಬೆಳಿಗ್ಗೆ ಹಾವಿಲ್ಲ. ಕೆಳಗೆ ಸದ್ಯಕ್ಕೆ ಅಡುಗೆಮನೆಯ ಟಿಶ್ಯೂ ಹಾಸಿ. ಒಂದು ಸಣ್ಣ ನೀರಿನ ಬಟ್ಟಲು ಇಡಿ.

ಅಡಗಲು ಎರಡು ಗೂಡು ಬೇಕು, ಬೆಚ್ಚಗಿನ ಬದಿಗೊಂದು, ತಂಪಿನ ಬದಿಗೊಂದು. ಒಂದೇ ಇಟ್ಟರೆ ಮರಿ ಬಿಸಿ ಬೇಕೋ, ಬಚ್ಚಿಟ್ಟುಕೊಳ್ಳಬೇಕೋ ಅಂತ ಆರಿಸಬೇಕಾಗುತ್ತದೆ. ಗೂಡು ಇಕ್ಕಟ್ಟಾಗಿರಲಿ, ಮೈಯ ಎಲ್ಲ ಬದಿಗೂ ಗೋಡೆ ತಾಗುವಷ್ಟು. ನಾವು ಟಾಯ್ಲೆಟ್ ಪೇಪರಿನ ರಟ್ಟಿನ ಕೊಳವೆ ಕತ್ತರಿಸಿ ಇಟ್ಟೆವು. ದುಡ್ಡು ಕೊಟ್ಟು ತಂದ ಕಲ್ಲಿನ ಗುಹೆಗಿಂತ ಕೇಸರಿಗೆ ಅದೇ ಇಷ್ಟ.

ಇನ್ನು ಶಾಖ. ಹಾವಿನ ಮೈ ತಾನಾಗಿ ಬೆಚ್ಚಗಾಗುವುದಿಲ್ಲ. ಬಿಸಿ ಸಾಲದಿದ್ದರೆ ತಿಂದದ್ದು ಅರಗುವುದಿಲ್ಲ, ಹಸಿವೂ ಆಗುವುದಿಲ್ಲ. ಬೆಚ್ಚಗಿನ ಬದಿ ಸುಮಾರು 85 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 29 ಡಿಗ್ರಿ ಸೆಲ್ಸಿಯಸ್ ಇರಬೇಕು. ತಂಪಿನ ಬದಿ 24ರ ಆಸುಪಾಸು. ಡಬ್ಬಿಯ ಅಡಿಗೆ ಹೀಟ್ ಮ್ಯಾಟ್ ಇಡುವವರು ಬಿಸಿ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಇಲ್ಲದೆ ಅದನ್ನು ಸಿಕ್ಕಿಸಲೇಬಾರದು. ನಾನು ಸಿಕ್ಕಿಸಿದೆ. "ಮ್ಯಾಟ್ ಚಿಕ್ಕದು, ಎಷ್ಟು ಬಿಸಿಯಾದೀತು" ಅಂದುಕೊಂಡೆ. ನಾಲ್ಕನೇ ದಿನ ಥರ್ಮಾಮೀಟರಿನ ತುದಿಯನ್ನು ಟಿಶ್ಯೂ ಅಡಿಗೆ ತೂರಿಸಿ ನೋಡಿದರೆ 97 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ಅಲ್ಲಿಯವರೆಗೆ ಮರಿ ನೀರಿನ ಬಟ್ಟಲಿನ ಹಿಂದೆ ಮೈ ಒತ್ತಿಕೊಂಡು ಕೂತಿತ್ತು. ನಾವು ಅದನ್ನು ನಾಚಿಕೆ ಅಂದುಕೊಂಡಿದ್ದೆವು.

ಐದರಿಂದ ಏಳು ದಿನ ಮುಟ್ಟಬೇಡಿ

ಇಡೀ ಲೇಖನದಲ್ಲಿ ಕಷ್ಟದ ಹೆಜ್ಜೆ ಇದೇ. ಏಕೆಂದರೆ ಇದರಲ್ಲಿ ಮಾಡುವ ಕೆಲಸ ಏನೂ ಇಲ್ಲ. ಡಬ್ಬಿಯ ಮೇಲೊಂದು ಬಟ್ಟೆ ಮುಚ್ಚಿ. ಜನ ಓಡಾಡದ, ಟಿವಿ ಸದ್ದಿಲ್ಲದ ಕಡೆ ಇಡಿ. ದಿನಕ್ಕೊಮ್ಮೆ ನೀರು ಬದಲಿಸಿ. ಅಷ್ಟೇ. ಕೈಗೆತ್ತಿಕೊಳ್ಳುವುದು, ಫೋಟೊ, ನೆಂಟರಿಗೆ ತೋರಿಸುವುದು ಯಾವುದೂ ಬೇಡ.

ನಾವು ಎರಡನೇ ದಿನವೇ ಊಟ ಕೊಟ್ಟೆವು. ತಿನ್ನಲಿಲ್ಲ. ನಾಲ್ಕನೇ ದಿನ, ಆರನೇ ದಿನ, ಏಳನೇ ದಿನ ಮತ್ತೆ ಕೊಟ್ಟೆವು. ಕೊಟ್ಟಷ್ಟೂ ಮರಿ ಬೆದರಿತು, ಬಾಲ ಅದುರಿಸಿತು. ಒಂಬತ್ತನೇ ದಿನ ಮಾರಿದಾತನಿಗೆ ಫೋನ್ ಮಾಡಿದೆ. ಆತ ಕೇಳಿದ್ದು ಒಂದೇ ಮಾತು: "ದಿನಕ್ಕೆ ಎಷ್ಟು ಸಲ ಮುಚ್ಚಳ ತೆಗೆಯುತ್ತೀರಿ?" ಲೆಕ್ಕ ಹಾಕಿ ಹೇಳಲು ನಾಚಿಕೆಯಾಯಿತು.

ಅದೇ ವಾರ ತಿಪಟೂರಿನಿಂದ ಅಮ್ಮನ ಫೋನು. "ಹಾವು ತಾನೇ, ಒಂದು ಬಟ್ಟಲು ಹಾಲಿಟ್ಟು ನೋಡೋ." ನಾಗರಪಂಚಮಿಗೆ ಹುತ್ತಕ್ಕೆ ತನಿ ಎರೆದವರ ಮಾತು, ತಳ್ಳಿಹಾಕಲು ಮನಸ್ಸು ಬರಲಿಲ್ಲ. ಆದರೂ ಹೇಳಬೇಕಲ್ವಾ: ಹಾಲು ಹಾವಿನ ಆಹಾರವಲ್ಲ, ಅದಕ್ಕೆ ಅರಗುವುದೂ ಇಲ್ಲ. ನೀರು ಸಾಕು. "ಹಂಗಾದ್ರೆ ನಾವು ಎರೆದಿದ್ದು ಯಾರು ಕುಡಿದ್ರು?" ಅಂದರು ಅಮ್ಮ. ಇರುವೆ ಅಂದೆ.

ಇಲಿಮರಿ ಕರಗಿಸುವುದು

ಇಲ್ಲಿ ಸಾಕುಪ್ರಾಣಿಗಳ ಅಂಗಡಿಯಲ್ಲಿ ಫ್ರೀಜ್ ಮಾಡಿದ ಇಲಿ ಸಿಗುತ್ತದೆ. ಹುಟ್ಟಿ ಒಂದೆರಡು ದಿನವಾದ ಗುಲಾಬಿ ಮರಿಗೆ ಪಿಂಕಿ ಅಂತಾರೆ. ತುಪ್ಪುಳ ಮೂಡಿದರೆ ಫಜಿ. ಮೊದಲ ಊಟಕ್ಕೆ ಎಲ್ಲಕ್ಕಿಂತ ಸಣ್ಣ ಪಿಂಕಿ ಕೇಳಿ ತನ್ನಿ, ಎರಡು ಗ್ರಾಂ ಒಳಗಿನದು. ಅದರ ದಪ್ಪ ಹಾವಿನ ನಡುಮೈಯ ಒಂದೂವರೆ ಪಟ್ಟು ದಾಟಬಾರದು.

ಸಸ್ಯಾಹಾರಿ ಮನೆಯವರಿಗೆ ಇಲ್ಲೊಂದು ಸಂಕಟ. ಹೆಂಡತಿ ಅಡುಗೆಮನೆಯ ಫ್ರೀಜರ್ ಮುಟ್ಟಬೇಡಿ ಅಂದುಬಿಟ್ಟಳು. ನ್ಯಾಯವೇ. ಗ್ಯಾರೇಜಿಗೆ ಒಂದು ಸಣ್ಣ ಫ್ರೀಜರ್ ಬಂತು. ಅದರ ಮೇಲೆ ಮಗಳು ತನ್ನ ವಕ್ರ ಕನ್ನಡದಲ್ಲಿ "ಇದು ಐಸ್‌ಕ್ರೀಮ್ ಅಲ್ಲ" ಅಂತ ಬರೆದು ಅಂಟಿಸಿದ್ದಾಳೆ. ಆರೋಗ್ಯದ ದೃಷ್ಟಿಯಿಂದಲೂ ಇದೇ ಸರಿ. ಇಲಿಯಲ್ಲೂ ಹಾವಿನಲ್ಲೂ ಸಾಲ್ಮೊನೆಲ್ಲಾ ಇರಬಹುದು. ಚಿಮಟ, ಬಟ್ಟಲು ಎಲ್ಲ ಬೇರೆ ಇಡಿ. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಐದು ವರ್ಷದೊಳಗಿನ ಮಕ್ಕಳನ್ನು ಹತ್ತಿರ ಬಿಡಬೇಡಿ.

ಕರಗಿಸುವುದು ಹೀಗೆ. ಪಿಂಕಿಯನ್ನು ಜಿಪ್ ಚೀಲಕ್ಕೆ ಹಾಕಿ ತಣ್ಣೀರಲ್ಲಿ ಮುಳುಗಿಸಿಡಿ. ಒತ್ತಿದರೆ ಒಳಗೆ ಗಟ್ಟಿ ಸಿಗದಷ್ಟು ಮೆತ್ತಗಾಗಬೇಕು. ಆಮೇಲೆ ಕೈ ತಾಳುವಷ್ಟು ಬಿಸಿನೀರಿನಲ್ಲಿ ಒಂದೆರಡು ನಿಮಿಷ ಇಟ್ಟು ಬೆಚ್ಚಗೆ ಮಾಡಿ. ಹಾವಿನ ನಾಲಿಗೆಗೆ ಗೊತ್ತಾಗುವುದು ವಾಸನೆ, ತಣ್ಣಗಿರುವ ಪಿಂಕಿಗೆ ವಾಸನೆ ಕಡಿಮೆ. ಮೈಕ್ರೊವೇವ್ ಮಾತ್ರ ಬೇಡವೇ ಬೇಡ. ಒಂದು ಕಡೆ ಬೇಯುತ್ತದೆ, ಒಂದು ಕಡೆ ಮಂಜು ಉಳಿಯುತ್ತದೆ, ಕೆಲವೊಮ್ಮೆ ಒಡೆಯುತ್ತದೆ. ಕೊನೆಗೆ ಟಿಶ್ಯೂನಲ್ಲಿ ಒರೆಸಿ ಒಣಗಿಸಿ.

ಕೊಡುವುದು

ಸಂಜೆ, ದೀಪ ಆರಿಸಿ. ಉದ್ದ ಚಿಮಟದಲ್ಲಿ ಪಿಂಕಿಯ ಸೊಂಟ ಹಿಡಿದು, ಅದರ ತಲೆ ಹಾವಿನ ಕಡೆ ಇರುವಂತೆ ಗೂಡಿನ ಬಾಯಿಗೆ ಮೆಲ್ಲಗೆ ತನ್ನಿ. ಮೂತಿಗೆ ತಿವಿಯಬೇಡಿ. ನಾಲಿಗೆ ಬೇಗಬೇಗ ಹೊರಬಂದರೆ ಹಾಗೇ ಹಿಡಿದಿರಿ. ತಲೆ ಹಿಂದೆ ಎಳೆದುಕೊಂಡರೆ ಪಿಂಕಿಯನ್ನು ಅಲ್ಲೇ ಇಟ್ಟು, ಮುಚ್ಚಳ ಹಾಕಿ, ಕೋಣೆಯಿಂದ ಹೊರಗೆ ಬನ್ನಿ. ಬೆಳಿಗ್ಗೆವರೆಗೆ ಇಣುಕಬೇಡಿ. ತಿನ್ನದೆ ಉಳಿದದ್ದನ್ನು ಎಸೆಯಿರಿ, ಮತ್ತೆ ಫ್ರೀಜರ್‌ಗೆ ಹಾಕಬೇಡಿ. ಮುಂದಿನ ಪ್ರಯತ್ನ ಐದು ದಿನ ಬಿಟ್ಟು.

ಹಾವಿನ ಕಣ್ಣು ಹಾಲುಗಟ್ಟಿ ನೀಲಿಯಾಗಿದ್ದರೆ ಪೊರೆ ಬಿಡುವ ಸಮಯ ಬಂದಿದೆ. ಆಗ ಕೊಡುವುದೇ ಬೇಡ, ಪೊರೆ ಕಳಚಿದ ಮೇಲೆ ನೋಡಿದರಾಯಿತು.

ಆದರೂ ತಿನ್ನದಿದ್ದರೆ

ಉಪಾಯಗಳು ಬೇಕಾದಷ್ಟಿವೆ. ಒಂದು ಸಲಕ್ಕೆ ಒಂದನ್ನೇ ಮಾಡಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವುದು ಫಲಿಸಿತು ಅಂತ ತಿಳಿಯುವುದಿಲ್ಲ.

ಮೊದಲನೆಯದು ಇನ್ನೂ ಸಣ್ಣ ಜಾಗ. ತೂತು ಮಾಡಿದ ಮೊಸರಿನ ಡಬ್ಬಿಯಲ್ಲಿ ಒಂದು ತುಂಡು ಟಿಶ್ಯೂ, ಹಾವಿನ ಮರಿ, ಪಿಂಕಿ. ಮುಚ್ಚಿ, ಇಡೀ ಡಬ್ಬಿಯನ್ನು ಮನೆಡಬ್ಬಿಯೊಳಗೆ ರಾತ್ರಿಯಿಡೀ ಇಡಿ. ಹೀಟ್ ಮ್ಯಾಟಿನ ನೇರ ಮೇಲೆ ಮಾತ್ರ ಇಡಬೇಡಿ. ಎರಡನೆಯದು ತೊಳೆಯುವುದು: ವಾಸನೆಯಿಲ್ಲದ ಸೋಪಿನಲ್ಲಿ ಪಿಂಕಿಯನ್ನು ತೊಳೆದು, ಚೆನ್ನಾಗಿ ಜಾಲಿಸಿ ಕೊಟ್ಟರೆ ಇಲಿಯ ವಾಸನೆ ತಗ್ಗುತ್ತದೆ. ಕೆಲವರು ಉಪ್ಪು, ಈರುಳ್ಳಿ ಹಾಕದ ಕೋಳಿ ಸಾರಿನಲ್ಲಿ ಅದ್ದುತ್ತಾರೆ. ಪಿಂಕಿಯ ತಲೆಗೆ ಸೂಜಿ ಚುಚ್ಚಿ ಒಂದು ಹನಿ ಹೊರಬರುವಂತೆ ಮಾಡುವುದೂ ಹಳೆಯ ಉಪಾಯ, ಹಲವು ಮರಿಗಳಿಗೆ ಹಿಡಿಸುತ್ತದೆ. ನನ್ನ ಕೈಯಲ್ಲಿ ಆಗಲಿಲ್ಲ.

ಹೆಚ್ಚಿನ ಹಟಮಾರಿಗಳಿಗೆ ಹಿಡಿಸುವುದು ಹಲ್ಲಿಯ ವಾಸನೆ. ಇಲ್ಲಿನ ಬೇಲಿಗಳ ಮೇಲೆ ಅನೋಲ್ ಅನ್ನುವ ಹಸಿರು ಹಲ್ಲಿ ಓಡಾಡುತ್ತದೆ. ಅದನ್ನು ಹಿಡಿದು ತರಬೇಡಿ, ಕಾಡುಹಲ್ಲಿಯ ಹೊಟ್ಟೆಯ ಹುಳು ಹಾವಿಗೂ ಬರುತ್ತದೆ. ಹಲ್ಲಿ ವಾಸನೆಯ ದ್ರವ ಬಾಟಲಿಯಲ್ಲೇ ಮಾರುತ್ತಾರೆ. ನಮಗೆ ಮಾರಿದಾತ, ತಾನೇ ಸಾಕಿದ್ದ ಅನೋಲ್ ಒಂದನ್ನು ಫ್ರೀಜ್ ಮಾಡಿ ಇಟ್ಟುಕೊಂಡಿದ್ದ. ಅದನ್ನು ಪುಟ್ಟ ಚೀಲದಲ್ಲಿ ಹಾಕಿ ಕೊಟ್ಟ.

ಹದಿನಾರನೇ ದಿನ ಚಿಮಟದಲ್ಲಿ ಕೊಟ್ಟದ್ದು, ಇಪ್ಪತ್ತೊಂದನೇ ದಿನ ಮೊಸರಿನ ಡಬ್ಬಿ, ಎರಡೂ ಸೋತಿದ್ದವು. ಇಪ್ಪತ್ತಾರನೇ ದಿನ ಕರಗಿದ ಅನೋಲನ್ನು ಪಿಂಕಿಯ ಮೂತಿಗೆ, ತಲೆಗೆ ಉಜ್ಜಿ ರಟ್ಟಿನ ಕೊಳವೆಯ ಬಾಯಿಗೆ ಇಟ್ಟೆವು. ಕೆಂಪು ಟಾರ್ಚ್ ಹಿಡಿದು ದೂರ ಕೂತೆವು. ಇಣುಕಬೇಡಿ ಅಂತ ನಿಮಗೆ ಹೇಳಿದವನು ನಾನೇ, ಗೊತ್ತು. ನಾಲಿಗೆ ಬಂತು, ಹೋಯಿತು. ಮತ್ತೆ ಬಂತು. ಮೂತಿ ಪಿಂಕಿಯ ಬೆನ್ನ ಮೇಲೆ ಸರಿದು ತಲೆಯ ಹತ್ತಿರ ನಿಂತಿತು. ಹಾರಿ ಕಚ್ಚುತ್ತದೆ ಅಂದುಕೊಂಡಿದ್ದೆ, ಹಾಗೇನೂ ಇಲ್ಲ. ಬಾಯಿ ಮೆಲ್ಲಗೆ ತೆರೆಯಿತು. ಎಡದವಡೆ ಒಂದು ಹೆಜ್ಜೆ ಮುಂದೆ, ಬಲದವಡೆ ಒಂದು ಹೆಜ್ಜೆ, ತನ್ನ ತಲೆಗಿಂತ ದಪ್ಪದ ತುತ್ತಿನ ಮೇಲೆ ಅದು ನಡೆದುಕೊಂಡು ಹೋದ ಹಾಗಿತ್ತು. ಕತ್ತಿನ ಚರ್ಮ ಹಿಗ್ಗಿ ಹುರುಪೆಗಳ ನಡುವಿನ ಬಿಳಿ ಕಾಣಿಸಿತು. ಹನ್ನೊಂದು ನಿಮಿಷ. ಕೊನೆಗೆ ಒಂದು ದೊಡ್ಡ ಆಕಳಿಕೆ, ದವಡೆ ಮತ್ತೆ ಜಾಗಕ್ಕೆ ಕೂತಿತು. ಮಗಳು ನನ್ನ ಮೊಣಕೈ ಹಿಂಡಿದ್ದ ಗುರುತು ಮಾರನೇ ದಿನವೂ ಇತ್ತು.

ಯಾವಾಗ ಹೆದರಬೇಕು

ದಿನ ಎಣಿಸಬೇಡಿ, ತೂಕ ನೋಡಿ. ಅಡುಗೆಮನೆಯ ತಕ್ಕಡಿ ಸಾಲದು. ಅದು ನನಗೆ ಮೂರು ವಾರವೂ 7 ಗ್ರಾಂ ಎಂದೇ ತೋರಿಸಿತು. ಬಂಗಾರದ ಅಂಗಡಿಯ ಥರದ, ಗ್ರಾಮಿನ ಹತ್ತನೇ ಒಂದು ಪಾಲು ತೋರಿಸುವ ಪುಟ್ಟ ತಕ್ಕಡಿ ತರಿಸಿದ ಮೇಲೆ 6.6 ಅಂತ ಗೊತ್ತಾಯಿತು. ವಾರಕ್ಕೊಮ್ಮೆ ತೂಗಿದರೆ ಸಾಕು. ತೂಕ ಹತ್ತರಲ್ಲಿ ಒಂದು ಪಾಲು ಇಳಿದರೆ, ಬೆನ್ನುಮೂಳೆ ಏಣಿನಂತೆ ಎದ್ದರೆ, ಚರ್ಮ ನೆರಿಗೆಗಟ್ಟಿದರೆ, ಬಾಯಿ ತೆರೆದು ಉಸಿರಾಡಿದರೆ ಹಾವುಗಳನ್ನು ನೋಡುವ ಪಶುವೈದ್ಯರ ಹತ್ತಿರ ಹೋಗಿ. ನಾಯಿ-ಬೆಕ್ಕು ನೋಡುವವರೆಲ್ಲ ಹಾವು ನೋಡುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿ. ಬಾಯಿ ಬಿಡಿಸಿ ತುರುಕುವ ಕೆಲಸ ಅವರದು. ವಿಡಿಯೊ ನೋಡಿ ಮನೆಯಲ್ಲಿ ಮಾಡಹೋದರೆ ದವಡೆ ಮುರಿಯುತ್ತದೆ.

ತಿಂದ ಮೇಲೆ

ಖುಷಿಗೆ ಎತ್ತಿಕೊಳ್ಳಬೇಡಿ. 48 ಗಂಟೆ ಬಿಡಿ, ಇಲ್ಲದಿದ್ದರೆ ಕಕ್ಕಿಬಿಡುತ್ತದೆ. ಕಕ್ಕಿದರೆ ಹತ್ತು ಹನ್ನೆರಡು ದಿನ ಏನೂ ಕೊಡದೆ, ಶಾಖ ಸರಿಯಿದೆಯಾ ನೋಡಿ, ಆಮೇಲೆ ಇನ್ನೂ ಸಣ್ಣ ಪಿಂಕಿ ಕೊಡಿ. ಎರಡನೇ ಸಲವೂ ಕಕ್ಕಿದರೆ ವೈದ್ಯರು. ಎಲ್ಲ ಸರಿಯಿದ್ದರೆ ಐದರಿಂದ ಏಳು ದಿನಕ್ಕೊಂದು ಊಟ. ಹಲ್ಲಿಯ ವಾಸನೆಯನ್ನು ಸಲದಿಂದ ಸಲಕ್ಕೆ ಕಡಿಮೆ ಮಾಡುತ್ತ ಬನ್ನಿ, ಇಲ್ಲದಿದ್ದರೆ ಅದೇ ಚಟವಾಗುತ್ತದೆ. ಕೇಸರಿ ಎರಡನೇ ಸಲ ಮೂತಿಗೆ ಮಾತ್ರ ಉಜ್ಜಿದ್ದನ್ನು ತಿಂದಿತು, ಮೂರನೇ ಸಲ ಮುಟ್ಟಿಸಿ ತೆಗೆದದ್ದನ್ನು. ನಾಲ್ಕನೇ ಸಲ ಬರೀ ಇಲಿಮರಿ. ಅವತ್ತು ಚಿಮಟ ಒಳಗೆ ಇಳಿಯುವ ಮೊದಲೇ ಕೊಳವೆಯಿಂದ ಅರ್ಧ ಮೈ ಹೊರಗಿತ್ತು.

ನೋಟ್‌ಬುಕ್ಕಿನ ಕೊನೆಯ ಸಾಲು ಮಗಳದು: ಒಂಬತ್ತನೇ ಊಟ, 11.2 ಗ್ರಾಂ, ಮುಂದಿನದು ಗುರುವಾರ, ಅಪ್ಪ ಮುಚ್ಚಳ ತೆಗೆಯಬಾರದು.