ಬಳ್ಳಾರಿ ಬೇಸಿಗೆ, 4 ಓಮ್ ಸ್ಪೀಕರ್, ಮತ್ತು ನಾನು ಬಿಡಿ ಆಂಪ್ಲಿಫೈಯರ್ ತಂದ ಕಥೆ

ಏಪ್ರಿಲ್ ತಿಂಗಳ ಒಂದು ಭಾನುವಾರ. ಹೊರಗೆ 42 ಡಿಗ್ರಿ ಬಿಸಿಲು. ಟಿವಿಯಲ್ಲಿ ಸಿನಿಮಾ ಶುರುವಾಗಿ ಮುಕ್ಕಾಲು ಗಂಟೆ ಆಗಿತ್ತು. ಶೋಕೇಸ್ ಒಳಗಿಂದ ‘ಟಕ್’ ಅಂತ ಒಂದು ಸದ್ದು ಬಂತು. ಚಿತ್ರ ಓಡುತ್ತಲೇ ಇತ್ತು, ಶಬ್ದ ಮಾತ್ರ ನಿಂತಿತು. ಗಾಜಿನ ಬಾಗಿಲು ತೆಗೆದರೆ ಒಲೆಯ ಮುಂದೆ ಕೂತ ಹಾಗೆ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಟಿವಿಯ ಶಬ್ದಕ್ಕೆ ಬಲ ಕೊಟ್ಟು ಎಲ್ಲ ಸ್ಪೀಕರಿಗೂ ಹಂಚುವ ಡಬ್ಬ, ಅಂದರೆ ರಿಸೀವರ್, ತನ್ನನ್ನು ತಾನು ಉಳಿಸಿಕೊಳ್ಳಲು ಆಫ್ ಆಗಿತ್ತು.

ನಮ್ಮದು ಜೀನ್ಸ್ ಹೊಲಿಯುವ ಚಿಕ್ಕ ಯೂನಿಟ್. ದಿನವಿಡೀ ಮಷೀನ್ ಸದ್ದಿನಲ್ಲೇ ಇರುತ್ತೇನೆ. ಅದಕ್ಕೇ ರಾತ್ರಿ ಒಂದು ಗಂಟೆ ಒಳ್ಳೆಯ ಹಾಡು ಕೇಳುವುದು ನನಗೆ ಊಟದಷ್ಟೇ ಮುಖ್ಯ. ಚಿಕ್ಕವನಿದ್ದಾಗ ಅಪ್ಪ ರಾಘವ ಕಲಾಮಂದಿರಕ್ಕೆ ನಾಟಕಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ನಟರ ಮಾತು ಎದೆಗೆ ಬಂದು ತಾಗುತ್ತಿತ್ತು. ಮನೆಯಲ್ಲೂ ಮಾತು ಹಾಗೇ ಕೇಳಬೇಕು ಅನ್ನುವುದು ನನ್ನ ಆಸೆ. ಆದರೆ ಜೋರು ದೃಶ್ಯ ಬಂದಾಗಲೆಲ್ಲ ಅಮ್ಮ, “ಮಾತು ಒಂದೂ ತಿಳಿವಲ್ದಪಾ, ಬರೇ ಗದ್ದಲ ಆಗ್ತೈತಿ” ಅನ್ನುತ್ತಿದ್ದರು. ಅಮ್ಮ ಹೇಳಿದ್ದು ಸರಿಯಾಗಿಯೇ ಇತ್ತು.

ಮೊದಲು ರಿಸೀವರನ್ನು ಶೋಕೇಸಿನಿಂದ ಹೊರಗೆ ತೆಗೆದು, ಮೇಲೆ ಅರ್ಧ ಅಡಿ ಜಾಗ ಬಿಟ್ಟು ಬಯಲಿಗಿಟ್ಟೆ. ಆಫ್ ಆಗುವುದು ಕಡಿಮೆಯಾಯಿತು, ಆದರೆ ಪೂರ್ತಿ ನಿಲ್ಲಲಿಲ್ಲ. ಆಮೇಲೆ ಅದರ ಪುಸ್ತಕ ತೆಗೆದು ಸರಿಯಾಗಿ ಓದಿದೆ. ಕೊಳ್ಳುವಾಗಲೇ ಓದಬೇಕಿತ್ತು. ಸ್ಪೀಕರ್ ಕನಿಷ್ಠ 6 ಓಮ್ ಇರಬೇಕು ಎಂದು ಅದರಲ್ಲಿತ್ತು. ಓಮ್ ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ. ನನ್ನ ಮುಂದಿನ ಎರಡು ದೊಡ್ಡ ಸ್ಪೀಕರ್ 4 ಓಮ್‌ನವು. ಓಮ್ ಅರ್ಧ ಆದರೆ ಅಷ್ಟೇ ವೋಲ್ಟೇಜಿಗೆ ಕರೆಂಟ್ ಎರಡರಷ್ಟು ಹರಿಯುತ್ತದೆ, ಬಿಸಿಯೂ ಏರುತ್ತದೆ. ಅಂಗಡಿಯವರು ಈ ಮಾತೇ ಎತ್ತಿರಲಿಲ್ಲ. ಮೆನುವಿನಲ್ಲಿ ಕಡಿಮೆ ಓಮ್‌ಗೆ ಒಂದು ಸೆಟ್ಟಿಂಗ್ ಇತ್ತು, ಅದನ್ನೂ ಹಾಕಿ ನೋಡಿದೆ. ಅದು ಒಳಗಿನ ವೋಲ್ಟೇಜನ್ನೇ ತಗ್ಗಿಸುತ್ತದೆ. ಡಬ್ಬ ತಣ್ಣಗಾಯಿತು, ಆದರೆ ಹಾಡಿನ ಜೀವವೇ ಹೋಯಿತು.

ವ್ಯಾಟ್ ಲೆಕ್ಕವನ್ನು ಆಗ ಕೂತು ನೋಡಿದೆ. ಪೆಟ್ಟಿಗೆ ಮೇಲೆ 7 ಚಾನೆಲ್ (ಒಂದು ಸ್ಪೀಕರಿಗೆ ಒಂದು ಚಾನೆಲ್), ಒಂದೊಂದಕ್ಕೆ 90 ವ್ಯಾಟ್. ಒಟ್ಟು 630 ಆಗಬೇಕು, ಅಲ್ವಾ? ಹಿಂದಿನ ಸ್ಟಿಕ್ಕರಿನಲ್ಲಿ ಮಾತ್ರ ಗೋಡೆಯಿಂದ ಎಳೆಯುವ ವಿದ್ಯುತ್ 430 ವ್ಯಾಟ್ ಎಂದಿದೆ. ಸ್ಟಿಕ್ಕರಿನ ಅಂಕಿ ಗರಿಷ್ಠದ್ದಲ್ಲ ನಿಜ, ಆದರೂ ಒಂದು ಅಂದಾಜು ಸಿಗುತ್ತದೆ. ಪುಸ್ತಕದ ಸಣ್ಣಕ್ಷರದಲ್ಲಿ ಸತ್ಯ ಇತ್ತು: ಆ 90 ವ್ಯಾಟ್ 8 ಓಮ್‌ಗೆ, ಎರಡೇ ಚಾನೆಲ್ ಓಡಿಸಿದಾಗ. ಏಳೂ ಚಾನೆಲ್ ಒಂದೇ ಟ್ರಾನ್ಸ್‌ಫಾರ್ಮರ್‌ನಿಂದ ಉಣ್ಣಬೇಕು. ಮುಂದಿನ ಜೋಡಿ ಜಾಸ್ತಿ ಎಳೆದರೆ, ಮಾತು ಬರುವ ನಡುವಿನ ಸ್ಪೀಕರಿಗೂ ಕೊರತೆ ಬೀಳುತ್ತದೆ.

ನನಗೆ ಎಷ್ಟು ಬೇಕು? ನನ್ನ ಸ್ಪೀಕರ್ 1 ವ್ಯಾಟಿಗೆ 1 ಮೀಟರ್ ದೂರದಲ್ಲಿ 86 ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಕೊಡುತ್ತದೆ. ನಾನು ಕೂರುವುದು 3 ಮೀಟರ್ ಆಚೆ. ಕೋಣೆಯ ಗೋಡೆಗಳ ಸಹಾಯ ಸೇರಿಸಿದರೂ ಅಲ್ಲಿಗೆ 80ರ ಹತ್ತಿರ ಬರುತ್ತದೆ. 3 ಡೆಸಿಬೆಲ್ ಏರಿಸಲು ವ್ಯಾಟ್ ಎರಡರಷ್ಟು ಬೇಕು, 10 ಏರಿಸಲು ಹತ್ತರಷ್ಟು. ನಾವು ಸಾಮಾನ್ಯವಾಗಿ ಕೇಳುವ 75ಕ್ಕೆ ಅರ್ಧ ವ್ಯಾಟೂ ಬೇಡ. ಅದೇ 95ಕ್ಕೆ ಏರುವ ಒಂದು ಡೋಲಿನ ಹೊಡೆತಕ್ಕೆ ಸುಮಾರು 30 ವ್ಯಾಟ್ ಬೇಕು. ಸಿನಿಮಾ ಥಿಯೇಟರಿನ ಅಳತೆಯ 105 ಬೇಕೆಂದರೆ 300 ದಾಟುತ್ತದೆ. ಅಷ್ಟು ಜೋರು ನಮ್ಮ ಓಣಿಗೂ ಬೇಡ, ಅಮ್ಮನ ಕಿವಿಗೂ ಬೇಡ. 95ರಿಂದ 100ರ ಒಳಗೆ ಬಿಗಿಯಾಗಿ, ಒಡೆಯದೆ ಬಂದರೆ ಸಾಕು.

ಎಲ್ಲವನ್ನೂ ಬಿಡಿಬಿಡಿಯಾಗಿ ತೆಗೆದುಕೊಳ್ಳುವ ಯೋಚನೆಯೂ ಬಂದಿತ್ತು. ಸಿನಿಮಾದ ಸದ್ದನ್ನು ಬಿಡಿಸಿ ಚಾನೆಲ್‌ಗಳಿಗೆ ಹಂಚಲು ಒಂದು ಪ್ರೊಸೆಸರ್, ಅದಕ್ಕೆ ಬಲ ಕೊಡಲು ಬೇರೆ ಬಹುಚಾನೆಲ್ ಆಂಪ್ಲಿಫೈಯರ್. ಒಂದು ಒಳ್ಳೆಯ ಪ್ರೊಸೆಸರಿನ ದುಡ್ಡಿಗೆ ಮಧ್ಯಮ ದರ್ಜೆಯ ರಿಸೀವರ್ ಎರಡು ಮೂರು ಬರುತ್ತವೆ. ಅದಕ್ಕಿಂತ ಮುಖ್ಯವಾಗಿ, ಬೇಗ ಹಳತಾಗುವುದು ಆ ಭಾಗವೇ. 2012ರಲ್ಲಿ ತಲೆಯ ಮೇಲಿಂದಲೂ ಸದ್ದು ಬರಿಸುವ ಡಾಲ್ಬಿ ಅಟ್ಮಾಸ್ ಥಿಯೇಟರಿಗೆ ಬಂತು, 2014ರಲ್ಲಿ ಮನೆಗೂ ಬಂತು. 2017ರಲ್ಲಿ ಟಿವಿಗೆ ಚಿತ್ರ, ಶಬ್ದ ಸಾಗಿಸುವ ಕೇಬಲಿನ ಹೊಸ ಮಾನದಂಡ ಎಚ್‌ಡಿಎಂಐ 2.1 ಪ್ರಕಟವಾಯಿತು. ಪ್ರತಿ ಸಲ ಹಳೆಯ ಡಬ್ಬ ಹಿಂದೆ ಬೀಳುತ್ತದೆ. ಆಂಪ್ಲಿಫೈಯರ್ ಹಾಗಲ್ಲ. ಒಳಗೆ ಬಂದ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವುದಷ್ಟೇ ಅದರ ಕೆಲಸ. ಇಪ್ಪತ್ತು ವರ್ಷದ ಹಿಂದಿನದೂ ಇವತ್ತು ಅದೇ ಕೆಲಸ ಮಾಡುತ್ತದೆ. ಹಾಗಾಗಿ ಬೇಗ ಹಳತಾಗುವುದಕ್ಕೆ ಕಡಿಮೆ ದುಡ್ಡು, ಬಾಳಿಕೆ ಬರುವುದಕ್ಕೆ ಜಾಸ್ತಿ ದುಡ್ಡು ಎಂದು ತೀರ್ಮಾನಿಸಿದೆ. ರಿಸೀವರ್ ಇರಲಿ, ಮುಂದಿನ ಎರಡು ಸ್ಪೀಕರಿನ ಭಾರ ಮಾತ್ರ ಅದರ ತಲೆಯಿಂದ ಇಳಿಸೋಣ.

ಇದಕ್ಕೆ ರಿಸೀವರ್ ಹಿಂದೆ, ಸಣ್ಣ ಸಿಗ್ನಲನ್ನು ಬೇರೆ ಆಂಪ್ಲಿಫೈಯರಿಗೆ ಕಳಿಸುವ ಪ್ರಿ-ಔಟ್ ಎಂಬ ಸಾಕೆಟ್ ಇರಲೇಬೇಕು. ತಗ್ಗಿನ ಸದ್ದಿಗೆಂದೇ ಇರುವ ಸ್ಪೀಕರ್ ಸಬ್‌ವೂಫರಿನ ಪ್ರಿ-ಔಟ್ ಹೆಚ್ಚುಕಡಿಮೆ ಎಲ್ಲದರಲ್ಲೂ ಇರುತ್ತದೆ, ಮುಂದಿನ ಎಡ-ಬಲದ್ದು ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನನ್ನದರಲ್ಲಿ ಇತ್ತು, ಪುಣ್ಯ. ಹೊಸದಾಗಿ ಕೊಳ್ಳುವವರು ಚಾನೆಲ್ ಎಣಿಸುವ ಮೊದಲು ಇದನ್ನು ನೋಡಿ.

ಬೆಂಗಳೂರಿನಲ್ಲಿ ಒಬ್ಬರ ಮನೆಯಲ್ಲಿ ಹಳೆಯದೊಂದು ಎರಡು ಚಾನೆಲ್ ಪವರ್ ಆಂಪ್ಲಿಫೈಯರ್ ಸಿಕ್ಕಿತು. 4 ಓಮ್‌ಗೆ ಧಾರಾಳವಾಗಿ ಕೊಡುವಂಥದ್ದು. ಏಳು ಚಾನೆಲ್ಲಿನ ನನ್ನ ರಿಸೀವರ್ 10 ಕೆಜಿ, ಎರಡೇ ಚಾನೆಲ್ಲಿನ ಇದು 14. ಒಳಗಿನ ದುಂಡನೆಯ ಟ್ರಾನ್ಸ್‌ಫಾರ್ಮರಿನದೇ ಆ ತೂಕ. ನಾಲ್ಕು ಸುತ್ತು ಡೆನಿಮ್ ಬಟ್ಟೆ ಸುತ್ತಿ, ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಕೆಳಗಿನ ಬರ್ತಿನಡಿ ಇಟ್ಟುಕೊಂಡು ಬಂದೆ. ರಾತ್ರಿಯೆಲ್ಲ ಕಾಲು ಚಾಚಿ ಅದು ಅಲ್ಲೇ ಇದೆಯಾ ಎಂದು ಮುಟ್ಟಿ ನೋಡುತ್ತಿದ್ದೆ.

ಮನೆಗೆ ತಂದು ಜೋಡಿಸಿದ ಮೊದಲ ದಿನವೇ ಸ್ಪೀಕರಿನಿಂದ ‘ಹೂಂ’ ಅಂತ ಒಂದೇ ಸಮನೆ ಸದ್ದು. ಎಂಥ ಬೇಸರ ಆಯಿತೆಂದರೆ, ಆ ರಾತ್ರಿ ನಿದ್ದೆ ಬರಲಿಲ್ಲ. ಎರಡನ್ನೂ ಒಂದೇ ಬೋರ್ಡಿಗೆ ಹಾಕಿದೆ, ಸ್ವಲ್ಪ ಕಡಿಮೆಯಾಯಿತು. ಡಿಶ್‌ನಿಂದ ಬರುವ ಕೇಬಲ್ ಕಿತ್ತೆ, ಸದ್ದು ಮಾಯ! ಚಾವಣಿ ಮೇಲಿನ ಡಿಶ್ ಒಂದು ದಾರಿಯಲ್ಲಿ, ಪ್ಲಗ್ ಇನ್ನೊಂದು ದಾರಿಯಲ್ಲಿ ನೆಲ ಸೇರುತ್ತಿದ್ದವು. ಆ ಎರಡರ ನಡುವಿನ ವ್ಯತ್ಯಾಸವೇ ಆ ಗುಂಯ್‌ಗುಟ್ಟುವಿಕೆ. ಯೂನಿಟ್ಟಿಗೆ ಬರುವ ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆದೆ. ಅವನು ಮೀಟರ್ ಹಿಡಿದು ನ್ಯೂಟ್ರಲ್‌ಗೂ ಅರ್ಥಿಂಗ್‌ಗೂ ನಡುವೆ 9 ವೋಲ್ಟ್ ತೋರಿಸಿದ. “ಅಣ್ಣಾ, ಅರ್ಥಿಂಗ್ ಗುಂಡಿಗೆ ನೀರ್ ಹಾಕಿ ಎಷ್ಟು ದಿನ ಆತು?” ಅಂದ. ನಾನು ಹಾಕಿಯೇ ಇರಲಿಲ್ಲ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ಗುಂಡಿಯೊಳಗಿನ ಪೈಪ್ ಸುತ್ತ ಸಂದು ಬೀಳುತ್ತದೆ. ಉಪ್ಪು, ಇದ್ದಿಲು ಹೊಸದಾಗಿ ತುಂಬಿ, ನಾಲ್ಕು ದಿನ ಕೊಡಗಟ್ಟಲೆ ನೀರು ಹೊಯ್ದೆವು. 9 ಇದ್ದದ್ದು 2ಕ್ಕಿಂತ ಕೆಳಗೆ ಇಳಿಯಿತು. ಡಿಶ್ ಕೇಬಲನ್ನೂ ಅದೇ ಅರ್ಥಿಂಗ್‌ಗೆ ಸೇರಿಸಿದೆವು. ಸದ್ದು ಮತ್ತೆ ಬಂದಿಲ್ಲ.

ಈಗ ವ್ಯತ್ಯಾಸ ಎಷ್ಟು? ಪ್ರಾಮಾಣಿಕವಾಗಿ ಹೇಳುತ್ತೇನೆ. ಸ್ವಲ್ಪ ಜೋರು ಇರುವುದೇ ಕಿವಿಗೆ ಚೆನ್ನಾಗಿ ಕೇಳುತ್ತದೆ. ಅದಕ್ಕೇ ಸ್ಪೀಕರಿನ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು ರಿಸೀವರ್, ಆಂಪ್ಲಿಫೈಯರ್ ಎರಡರ ವೋಲ್ಟೇಜನ್ನೂ ಸರಿಸಮ ಮಾಡಿದೆ. ಮಗ ವೈರ್ ಬದಲಿಸುತ್ತಿದ್ದ, ನಾನು ಅತ್ತ ತಿರುಗಿ ಕೂತು ಮಲ್ಲಿಕಾರ್ಜುನ ಮನ್ಸೂರರ ಹಾಡು ಕೇಳಿದೆ. ಮೆಲ್ಲಗೆ ಇಟ್ಟಾಗ ಯಾವುದು ಯಾವುದೆಂದು ನನಗೆ ಹೇಳಲಾಗಲಿಲ್ಲ. ಜೋರು ಮಾಡಿದಾಗ ಮಾತ್ರ ಗೊತ್ತಾಯಿತು. ರಿಸೀವರಿನಲ್ಲಿ ದನಿ ಏರಿದ ಕಡೆ ಒರಟಾಗುತ್ತಿತ್ತು, ಆಂಪ್ಲಿಫೈಯರಿನಲ್ಲಿ ತಂಬೂರಿ ತಂಬೂರಿಯಾಗಿಯೇ ಉಳಿಯಿತು. ನಿಮ್ಮದು 8 ಓಮ್ ಸ್ಪೀಕರ್, ಚಿಕ್ಕ ಕೋಣೆ, ಮೆಲ್ಲಗೆ ಕೇಳುವ ಅಭ್ಯಾಸ ಅಂದರೆ ಈ ಖರ್ಚು ಸುಮ್ನೆ ದಂಡ. ಒಳ್ಳೆಯ ರಿಸೀವರ್ ಒಂದೇ ಸಾಕು.

ಇನ್ನೊಂದು ಕೆಲಸಕ್ಕೆ ದುಡ್ಡೇ ಬೇಕಾಗಲಿಲ್ಲ. ನಮ್ಮ ಹಾಲ್‌ಗೆ ಗ್ರಾನೈಟ್ ನೆಲ, ಬರಿಗೋಡೆ. ಚಪ್ಪಾಳೆ ತಟ್ಟಿದರೆ ‘ಝಿಂಗ್’ ಅನ್ನುತ್ತಿತ್ತು. ಕಟಿಂಗ್ ಟೇಬಲ್ ಕೆಳಗೆ ಬೀಳುವ ಡೆನಿಮ್ ಚಿಂದಿಯನ್ನು ಮೂಟೆಗಟ್ಟಲೆ ತಂದೆ. ಹಳೆಯ ಮರದ ಪಟ್ಟಿಯಲ್ಲಿ 4 ಇಂಚು ದಪ್ಪ, 2 ಅಡಿ ಅಗಲ, 4 ಅಡಿ ಉದ್ದದ ಚೌಕಟ್ಟು ಮಾಡಿ, ಚಿಂದಿ ತುಂಬಿ, ಮೇಲೆ ಕೋರಾ ಬಟ್ಟೆ ಬಿಗಿದೆ. ಕೈಯಿಂದ ಒತ್ತಿದರೆ ಹಾಸಿಗೆಯಂತೆ ಹಿಂದಕ್ಕೆ ಬರಬೇಕು, ಅಷ್ಟೇ ಬಿಗಿ. ಗಿಡಿದರೆ ಸದ್ದು ಹೀರುವುದಿಲ್ಲ. ಸ್ಪೀಕರಿನ ಸದ್ದು ಮೊದಲು ಬಡಿಯುವ ಎರಡು ಪಕ್ಕದ ಗೋಡೆಗೆ ಎರಡೆರಡು ನೇತು ಹಾಕಿದೆ. ಆಮೇಲೆ ಫ್ಯಾನ್ ಆರಿಸಿ, ಕೂರುವ ಜಾಗದಲ್ಲಿ ಕಿವಿಯೆತ್ತರಕ್ಕೆ ಮೈಕ್ ಇಟ್ಟು, ಕೋಣೆಗೆ ತಕ್ಕಂತೆ ಸದ್ದು ಹೊಂದಿಸುವ ರಿಸೀವರಿನ ಕೋಣೆ ಅಳತೆ ಮತ್ತೆ ಮಾಡಿಸಿದೆ. ಎಲ್ಲ ಸ್ಪೀಕರುಗಳ 80 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಸಬ್‌ವೂಫರಿಗೆ ಬಿಟ್ಟೆ. ಅದರಿಂದಲೂ ಮುಂದಿನ ಜೋಡಿಯ ಭಾರ ಎಷ್ಟೋ ಇಳಿಯಿತು.

ಮೊನ್ನೆ ಅಮ್ಮ ಹಿಂದಿನ ಖುರ್ಚಿಯಲ್ಲಿ ಕೂತು ಒಂದು ಹಳೆಯ ನಾಟಕದ ರೆಕಾರ್ಡಿಂಗ್ ಪೂರ್ತಿ ನೋಡಿದರು. ಒಂದು ಸಲವೂ “ಏನಂದ?” ಎಂದು ಕೇಳಲಿಲ್ಲ. ಅವರ ತಲೆಯ ಹಿಂದಿನ ಗೋಡೆಗೆ ಐದನೆಯ ಚೌಕಟ್ಟು ತಯಾರಾಗುತ್ತಿದೆ, ಬಟ್ಟೆ ಬಿಗಿಯುವುದೊಂದು ಬಾಕಿ.