ಮೊದಲು ಮರಳಬೇಕಿದ್ದದ್ದು ಮಾತು

2021ರ ಅಕ್ಟೋಬರ್ 25ರಂದು ಒಂದರಿಂದ ಐದನೇ ತರಗತಿಗಳು ಮತ್ತೆ ಶುರುವಾದಾಗ ನಮ್ಮ ಕಡೆ ಶೇಂಗಾ ಕೀಳುವ ಕಾಲ. ನಾನು ಕೆಲಸ ಮಾಡುವುದು ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರ ಹೋಬಳಿಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ಆಂಧ್ರದ ಗಡಿ ಇಲ್ಲಿಂದ ದೂರವಿಲ್ಲ. ಕೋವಿಡ್ ಕಾರಣಕ್ಕೆ 2020ರ ಮಾರ್ಚ್‌ನಿಂದ ಮುಚ್ಚಿದ್ದ ಬಾಗಿಲು ತೆರೆದರೂ ಎಷ್ಟೋ ಮಕ್ಕಳು ಹೊಲದಲ್ಲೇ ಇದ್ದರು.

ಬಂದ ಮಕ್ಕಳ ಲೆಕ್ಕ ನೋಡಿ. ಒಂದನೇ ತರಗತಿ ಮುಗಿಸುವ ಹೊತ್ತಿಗೆ ಮನೆಗೆ ಹೋದ ಮಗು ಈಗ ಮೂರನೇ ತರಗತಿಯ ಹಾಜರಿಯಲ್ಲಿತ್ತು. ಮೂರನೇ ತರಗತಿಯ ಮಗು ಐದರಲ್ಲಿತ್ತು. ಎರಡನೇ ತರಗತಿ ಎಂದು ಬರೆದಿದ್ದ ಮಕ್ಕಳು ಒಂದನೇ ತರಗತಿಯ ಕೋಣೆಯನ್ನೇ ಸರಿಯಾಗಿ ಕಂಡಿರಲಿಲ್ಲ. ನಡುವೆ ವಿದ್ಯಾಗಮ ಬಂತು, ಅಂದರೆ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸುವ ಸರ್ಕಾರದ ಕಾರ್ಯಕ್ರಮ. ಗುಡಿ ಜಗಲಿ, ಮರದ ನೆರಳಲ್ಲಿ ಪಾಠ ಮಾಡಿದೆವು. ಸೋಂಕಿನ ಭಯಕ್ಕೆ ಅದೂ ನಿಂತಿತು. ಫೋನಿನ ಪಾಠದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮನೆಗೊಂದೇ ಫೋನ್, ಅದು ಬೆಳಿಗ್ಗೆಯೇ ಅಪ್ಪನ ಜೇಬಲ್ಲಿ ಕೆಲಸಕ್ಕೆ ಹೋಗುತ್ತಿತ್ತು.

ಮಕ್ಕಳು ಅಕ್ಷರ ಮರೆತಿರುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ನಮ್ಮ ಶಾಲೆಯಲ್ಲಿ ಹೋಗಿದ್ದು ಅಷ್ಟೇ ಅಲ್ಲ. ಇಲ್ಲಿ ಅನೇಕರ ಮನೆಮಾತು ತೆಲುಗು. ಕನ್ನಡ ಅವರಿಗೆ ಶಾಲೆಯಲ್ಲಿ, ಆಟದ ಬಯಲಲ್ಲಿ, ಬಿಸಿಯೂಟದ ಸಾಲಲ್ಲಿ ಸಿಗುತ್ತಿದ್ದ ಭಾಷೆ. ಒಂದೂವರೆ ವರ್ಷ ಅದು ಕಿವಿಗೆ ಬಿದ್ದದ್ದೇ ಅಪರೂಪ. 'ಬಸ್ಸು', 'ಮರ' ಎಂದು ತಡವರಿಸಿ ಓದಿದರೂ, ಓದಿದ ಸಾಲಲ್ಲಿ ಏನಿದೆ ಎಂದು ಕೇಳಿದರೆ ಸುಮ್ನೆ ನನ್ನ ಮುಖ ನೋಡುತ್ತಿದ್ದರು. ಹಾಗಿರುವಾಗ ಕಾಗುಣಿತ ತಿದ್ದಿಸುತ್ತಾ ಕೂತರೆ ಏನು ಬಂತು, ಅಲ್ವಾ?

ಹಾಗಾಗಿ ಮೊದಲ ಕೆಲಸ ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ನೋಡಿದ್ದು. ಪ್ರಶ್ನೆಪತ್ರಿಕೆ ಕೊಡಲಿಲ್ಲ. ಓದು ಬರಹ ಬರದ ಮಗುವಿಗೆ ಪ್ರಶ್ನೆಪತ್ರಿಕೆ ಕೊಟ್ಟರೆ ಬರುವುದು ಖಾಲಿ ಹಾಳೆ, ಅದರಿಂದ ನನಗೆ ಏನೂ ತಿಳಿಯುವುದಿಲ್ಲ. ಮೊದಲು ಮಾತಾಡಿಸುತ್ತಿದ್ದೆ. ಮನೆಯಲ್ಲಿ ಕುರಿ ಎಷ್ಟಿವೆ, ಬೆಳಿಗ್ಗೆ ಏನು ತಿಂದೆ, ಹೊಲದಲ್ಲಿ ಯಾವ ಕೆಲಸ ಮಾಡಿದೆ. ಆಮೇಲೆ ಕೆಲವು ಅಕ್ಷರ, ಕೆಲವು ಪದ, ಒಂದು ಚಿಕ್ಕ ಪ್ಯಾರಾ, ಒಂದು ಕಥೆ. ಎಲ್ಲಿ ನಿಂತರೋ ಅಲ್ಲಿಗೆ ಬಿಟ್ಟೆ. ನೋಟ್‌ಬುಕ್ಕಿನಲ್ಲಿ ಮಗುವಿಗೊಂದು ಪುಟ. 'ದೀರ್ಘ ಬಿಡುತ್ತಾನೆ', 'ಒತ್ತಕ್ಷರ ಕಾಣುವುದೇ ಇಲ್ಲ, ಅಕ್ಕ ಎನ್ನುವುದನ್ನು ಅಕ ಎಂದು ಓದುತ್ತಾಳೆ', 'ಓದುತ್ತಾಳೆ, ಅರ್ಥ ಹೇಳಲ್ಲ' – ಹೀಗೆ. ಅಂಕ ಹಾಕಲಿಲ್ಲ.

ಒಂದರಿಂದ ಮೂರರವರೆಗೆ ನಲಿಕಲಿ, ಅಂದರೆ ಮಕ್ಕಳು ಒಟ್ಟಿಗೆ ಕೂತು ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ ಇದ್ದುದರಿಂದ ಅಲ್ಲಿ ದಾರಿ ಸಲೀಸಾಯಿತು. ಮಗು ಕಲಿಕಾ ಏಣಿಯಲ್ಲಿ (ಕಲಿಕೆಯ ಮೆಟ್ಟಿಲುಗಳನ್ನು ಕ್ರಮವಾಗಿ ತೋರಿಸುವ ಪಟ್ಟಿ) ಎಲ್ಲಿತ್ತೋ ಅಲ್ಲಿಂದಲೇ ಮುಂದೆ ಹೋಗಬಹುದು. ಕಷ್ಟ ಇದ್ದದ್ದು ನಾಲ್ಕು, ಐದನೇ ತರಗತಿಯವರದು. ಅವರನ್ನೂ ದಿನದ ಒಂದು ಹೊತ್ತು ತರಗತಿ ಬಿಡಿಸಿ, ಓದಿನ ಮಟ್ಟ ನೋಡಿ ಗುಂಪು ಮಾಡಿದೆ. ಐದನೇ ತರಗತಿಯ ಹುಡುಗನನ್ನು ಎರಡನೇ ತರಗತಿಯ ಚಿಕ್ಕವರ ಜೊತೆ ಕೂರಿಸುವುದು ಮಾತ್ರ ಬೇಡ ಅನ್ನಿಸಿತು. ಹೊಲದಲ್ಲಿ ದೊಡ್ಡವರ ಸಮಕ್ಕೆ ದುಡಿದು ಬಂದ ಹುಡುಗ ಅವನು. ನಲಿಕಲಿಯ ಮೊದಲ ಅಕ್ಷರಗಳಾದ 'ರ, ಗ, ಸ, ದ, ಅ' ಕಾರ್ಡು ಎಲ್ಲರೆದುರು ಕೈಗೆ ಕೊಟ್ಟರೆ ಮರುದಿನ ಬರುವುದಿಲ್ಲ.

ಅಂಥವರಿಗೆ ಅವರ ಮಾತೇ ಪಾಠವಾಯಿತು. ನಿನ್ನೆ ಏನಾಯಿತು ಹೇಳು ಎಂದರೆ ಒಬ್ಬಳು, 'ಮಾ ಅವ್ವ ಚೇನಿಕಿ ಪೋಯಿಂದಿ' ಎನ್ನುತ್ತಾಳೆ. ಅವಳ ತೆಲುಗಲ್ಲಿ ಅವ್ವ ಎಂದರೆ ಅಜ್ಜಿ. ತೆಲುಗಲ್ಲಿ ಹೇಳಬೇಡ ಎಂದು ಗದರುವುದಿಲ್ಲ. ಇದನ್ನು ಕನ್ನಡದಲ್ಲಿ ಯಾರು ಹೇಳುತ್ತೀರಿ ಎಂದು ಗುಂಪನ್ನೇ ಕೇಳುತ್ತೇನೆ. 'ನಮ್ಮಜ್ಜಿ ಹೊಲಕ್ಕೆ ಹೋದಳು.' ಅದನ್ನೇ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತೇನೆ. ಇನ್ನೊಬ್ಬ ಮುಂದಿನ ಸಾಲು ಸೇರಿಸುತ್ತಾನೆ. ಐದಾರು ಸಾಲಾದ ಮೇಲೆ ಬೆರಳಿಟ್ಟು ಓದುತ್ತೇವೆ. ಆ ಸಾಲುಗಳನ್ನೇ ರಟ್ಟಿನ ಪಟ್ಟಿಯಲ್ಲಿ ಬರೆದು, ಪದಪದವಾಗಿ ಕತ್ತರಿಸಿ, ಕಲಸಿ ಕೊಡುತ್ತೇನೆ. ಅವರು ಜೋಡಿಸಬೇಕು. ಸಾಲು ಅವರದ್ದೇ ಆದ್ದರಿಂದ ಅರ್ಥ ಮೊದಲೇ ಗೊತ್ತು. ಕಣ್ಣು ಅಕ್ಷರದ ಮೇಲೆ ನಿಂತರೆ ಸಾಕು. 'ಅಜ್ಜಿ'ಯಲ್ಲಿ ಒತ್ತು ಬಿಟ್ಟರೆ ಅಜ್ಜಿ ಅಜ್ಜಿಯಾಗುವುದಿಲ್ಲ ಎಂದು ಅವರೇ ನಗುತ್ತಾ ಹಿಡಿಯುತ್ತಿದ್ದರು. ಒತ್ತಕ್ಷರವನ್ನು ನಾನು ಪಟ್ಟಿ ಹಾಕಿ ಕಲಿಸಿದ್ದಕ್ಕಿಂತ ಹೀಗೆ ಸಿಕ್ಕಿದ್ದೇ ಜಾಸ್ತಿ.

ಗಣಿತದಲ್ಲಿ ಬೇರೆಯೇ ಚಿತ್ರ. 52ರಲ್ಲಿ 27 ಕಳೆಯಿರಿ ಎಂದರೆ ಬಹಳ ಮಕ್ಕಳು 35 ಬರೆದರು. ಎರಡರಲ್ಲಿ ಏಳು ಹೋಗುವುದಿಲ್ಲವಲ್ಲ, ಅದಕ್ಕೆ ಏಳರಲ್ಲೇ ಎರಡು ಕಳೆದುಬಿಟ್ಟಿದ್ದರು. ಅದೇ ಮಕ್ಕಳನ್ನು, 52 ರೂಪಾಯಿ ತಗೊಂಡು ಅಂಗಡಿಗೆ ಹೋಗಿ 27 ರೂಪಾಯಿ ಸಾಮಾನು ತಂದರೆ ಎಷ್ಟು ಉಳಿಯುತ್ತೆ ಎಂದು ಕೇಳಿದೆ. 25 ಎಂದು ಬಾಯಲ್ಲೇ ಹೇಳಿದರು. ಈ ಮಕ್ಕಳು ಏನೂ ಕಲಿತಿಲ್ಲ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಶಾಲೆ ಇಲ್ಲದ ದಿನಗಳಲ್ಲಿ ಅವರು ಅಂಗಡಿಗೆ ಹೋದರು, ಕುರಿ ಎಣಿಸಿದರು, ಶೇಂಗಾ ಚೀಲದ ತೂಕ ನೋಡಿದರು. ಲೆಕ್ಕ ತಲೆಯಲ್ಲಿತ್ತು, ಹಾಳೆಗೆ ಇಳಿಸುವುದು ಗೊತ್ತಿರಲಿಲ್ಲ. ರಟ್ಟಿನಲ್ಲಿ ಹತ್ತರ ನೋಟು, ಒಂದರ ಬಿಲ್ಲೆ ಮಾಡಿದೆವು. ಎರಡು ಬಿಲ್ಲೆಯಿಂದ ಏಳು ಕೊಡಲಾಗದಿದ್ದರೆ ಒಂದು ನೋಟು ಚಿಲ್ಲರೆ ಮಾಡಿಸು. ಈಗ ಬಿಲ್ಲೆ ಹನ್ನೆರಡು, ನೋಟು ನಾಲ್ಕು. ಕೈಯಲ್ಲಿ ಮಾಡಿದ ತಕ್ಷಣ ಅದನ್ನೇ ಪಕ್ಕದ ಹಾಳೆಯಲ್ಲಿ ಬರೆಯಬೇಕು. ಈ ತಕ್ಷಣ ಬರೆಯುವುದು ಮುಖ್ಯ. ಆಟ ಒಂದು ದಿನ, ಬರಹ ಇನ್ನೊಂದು ದಿನ ಮಾಡಿದರೆ ಎರಡೂ ಒಂದೇ ಎಂದು ಮಗುವಿಗೆ ಹೊಳೆಯುವುದಿಲ್ಲ.

2022ರ ಮೇ 16ಕ್ಕೆ ಹೊಸ ವರ್ಷದ ತರಗತಿಗಳು ಬೇಗ ಶುರುವಾದವು, ಕೋವಿಡ್‌ನಲ್ಲಿ ತಪ್ಪಿಹೋದ ಕಲಿಕೆಯನ್ನು ತುಂಬಿಕೊಡುವ ಸರ್ಕಾರದ ಕಾರ್ಯಕ್ರಮ 'ಕಲಿಕಾ ಚೇತರಿಕೆ' ಬಂತು. ಅದರ ಕಲಿಕಾ ಹಾಳೆಗಳು ನನಗೆ ಬಹಳ ಸಹಾಯ ಮಾಡಿದವು. ಆದರೆ ಹಾಳೆಯನ್ನು ಮಾತಿನ ನಂತರ ಇಟ್ಟೆ. ಚಿತ್ರದ ಬಗ್ಗೆ ಮೊದಲು ಎಲ್ಲರೂ ಮಾತಾಡಿ, ಆಮೇಲೆ ಪೆನ್ಸಿಲ್. ನೇರ ಹಾಳೆ ಹಂಚಿದರೆ ಜಾಣರದ್ದನ್ನು ಉಳಿದವರು ನೋಡಿ ಬರೆಯುತ್ತಾರೆ. ಮಗುವಿನ ಕೆಲಸಗಳನ್ನು ಸೇರಿಸಿಡುವ ಕೃತಿ ಸಂಪುಟ ತುಂಬುತ್ತದೆ, ಮಗುವಿಗೆ ಏನೂ ಸಿಗುವುದಿಲ್ಲ.

ಹಳ್ಳಿ ಮಕ್ಕಳ ಕಲಿಕೆಯ ಸಮೀಕ್ಷೆಯಾದ ಅಸರ್‌ನ 2022ರ ವರದಿ ಬಂದಾಗ, ದೇಶದ ಹಳ್ಳಿಗಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲ ಮೂರನೇ ತರಗತಿ ಮಕ್ಕಳು 2018ರಲ್ಲಿ ಶೇ 27.3 ಇದ್ದವರು ಶೇ 20.5ಕ್ಕೆ ಇಳಿದಿದ್ದರು. ಇನ್ನೊಂದು ವಿಷಯ ಗಮನಿಸಿ. 2018ರಲ್ಲೂ ನಾಲ್ವರಲ್ಲಿ ಸುಮಾರು ಒಬ್ಬರೇ ಓದುತ್ತಿದ್ದರು. ಹಾಗಾಗಿ ಕೋವಿಡ್ ಮುಂಚಿನ ಸ್ಥಿತಿಗೆ ಮರಳಿದರೆ ಸಾಕು ಎಂದು ನನಗೆ ಯಾವತ್ತೂ ಅನ್ನಿಸಿಲ್ಲ.

ಮನೆಯವರ ಹತ್ತಿರ ನಾನು ಕೇಳಿದ್ದು ಒಂದೇ. 'ನಮಗೇ ಓದೋಕೆ ಬರಲ್ಲ ಮೇಡಂ, ನಾವೇನು ಹೇಳಿಕೊಡೋಣ' ಎಂದು ಒಬ್ಬ ತಾಯಿ ಕೇಳಿದರು. ಹೇಳಿಕೊಡಬೇಡಿ ಅಮ್ಮಾ, ರಾತ್ರಿ ಊಟ ಆದ ಮೇಲೆ ಅವಳು ಓದುವುದನ್ನು ಕೇಳಿ, ಕಥೆ ಏನು ಅಂತ ನಿಮ್ಮ ಭಾಷೆಯಲ್ಲೇ ಹೇಳು ಅನ್ನಿ ಎಂದೆ. ಪಂಚಾಯಿತಿ ಗ್ರಂಥಾಲಯದಲ್ಲಿ 'ಓದುವ ಬೆಳಕು' ಎಂಬ ಸರ್ಕಾರಿ ಕಾರ್ಯಕ್ರಮದ ಅಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. ಅಲ್ಲಿಂದ ಚಿತ್ರ ಜಾಸ್ತಿ, ಅಕ್ಷರ ಕಡಿಮೆ ಇರುವ ಪುಸ್ತಕ ಆರಿಸಿ ಮನೆಗೆ ಕಳಿಸುತ್ತಿದ್ದೆ.

ಎಲ್ಲರೂ ಒಂದೇ ಮಟ್ಟಕ್ಕೆ ಬರಲಿಲ್ಲ. ಹೆಚ್ಚಿನವರು ಚಿಕ್ಕ ಕಥೆ ಓದಿ ಅದರ ಬಗ್ಗೆ ಮಾತಾಡುವಷ್ಟಾದರು. ಶೇಂಗಾ ಕಾಲದಲ್ಲಿ ವಾರಗಟ್ಟಲೆ ತಪ್ಪಿಸಿಕೊಂಡವರು ಹಿಂದೆಯೇ ಉಳಿದರು. ಅವರು ಬಂದ ದಿನ ಹಿಂದಿನ ಪಾಠ ತುಂಬಿಸಲು ಹೋಗದೆ, ನೋಟ್‌ಬುಕ್ಕಿನ ಅವರ ಪುಟ ತೆಗೆದು ಅಲ್ಲಿಂದಲೇ ಮುಂದುವರಿಸುತ್ತೇನೆ. ಐದು ಮುಗಿಸಿ ಪಕ್ಕದೂರಿನ ಹಿರಿಯ ಪ್ರಾಥಮಿಕ ಶಾಲೆಗೆ ಹೋಗುವ ಮಕ್ಕಳ ಜೊತೆ ಆ ಪುಟದ ನಕಲನ್ನೂ ಅಲ್ಲಿನ ಕನ್ನಡ ಶಿಕ್ಷಕರಿಗೆ ಕಳಿಸುತ್ತೇನೆ: ಈ ಮಗುವಿಗೆ ಏನು ಬರುತ್ತೆ, ಒತ್ತಕ್ಷರದಲ್ಲಿ ಯಾವುದು ಇನ್ನೂ ಬಾಕಿ, ಯಾವ ಮಾತು ತೆಗೆದರೆ ಬಾಯಿ ಬಿಡುತ್ತಾನೆ.